ಟೈಲ್ಸ್ ಎದ್ದಿದ್ದಕ್ಕೆ ಬಿಸಿಲೇ ಕಾರಣವೇ? ಕಂಟ್ರಾಕ್ಟರ್‌ಗೆ ದೂರು ಕೊಡುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ಗೃಹಪ್ರವೇಶವಾಗಿ ವರ್ಷ ತುಂಬುವುದರೊಳಗೆ ಹಾಲ್‌ನ ನಡುವೆ ನಾಲ್ಕಾರು ಟೈಲ್‌ಗಳು ಗುಡಾರದಂತೆ ಮೇಲೇಳುತ್ತವೆ. ಕೆಲವೊಮ್ಮೆ 'ಢಂ' ಎಂದು ಸದ್ದು ಮಾಡಿ ಬಿರುಕು ಬಿಡುತ್ತವೆ. ಭೂಕಂಪವಾಯಿತೇ, ಮನೆಗೆ ಏನಾದರೂ ದೋಷವಿದೆಯೇ ಎಂದು ಮನೆಯವರು ಹೆದರುತ್ತಾರೆ. ಕಂಟ್ರಾಕ್ಟರ್‌ಗೆ ಫೋನ್ ಮಾಡಿದರೆ "ಈ ಸಲ ಬಿಸಿಲು ಜಾಸ್ತಿ ಸಾರ್, ಎಲ್ಲ ಕಡೆ ಹೀಗೇ ಆಗ್ತಿದೆ" ಎಂಬ ಉತ್ತರ ಬರುತ್ತದೆ. ಈ ಉತ್ತರದಲ್ಲಿ ನಿಜವೆಷ್ಟು, ನೆಪವೆಷ್ಟು? ಹಾಳಾದ ನೆಲಕ್ಕೆ ಪರಿಹಾರ ಕೇಳುವುದು ಹೇಗೆ? ಈ ಲೇಖನದಲ್ಲಿ ನೋಡೋಣ.

ಬಿಸಿಲಿನ ಮಾತು ಅರ್ಧ ನಿಜ

ಬಿಸಿಯಾದರೆ ಟೈಲ್ ಹಿಗ್ಗುತ್ತದೆ ಎಂಬುದು ಸರಿ. ಆದರೆ ಎಷ್ಟು? 6 ಮೀಟರ್ ಉದ್ದದ ಹಾಲ್‌ನಲ್ಲಿ ತಾಪಮಾನ 20 ಡಿಗ್ರಿ ಸೆಲ್ಸಿಯಸ್ ಏರಿದರೂ ಟೈಲ್‌ಗಳೆಲ್ಲ ಸೇರಿ ಹಿಗ್ಗುವುದು ಸುಮಾರು 1 ಮಿಲಿಮೀಟರ್‌ಗಿಂತ ಕಡಿಮೆ. ಇನ್ನೊಂದು ಕಡೆ, ಹೊಸ ಕಾಂಕ್ರೀಟ್ ನಿಧಾನವಾಗಿ ಒಣಗುತ್ತಾ ಕುಗ್ಗುತ್ತದೆ. ಕಾಂಕ್ರೀಟ್‌ಗೆ ಸಂಬಂಧಿಸಿದ ಭಾರತೀಯ ಮಾನದಂಡ ಐಎಸ್ 456 ವಿನ್ಯಾಸಕ್ಕಾಗಿ ಬಳಸುವ ಅಂದಾಜಿನ ಪ್ರಕಾರ ಈ ಕುಗ್ಗುವಿಕೆ ಮೀಟರಿಗೆ 0.3 ಮಿಲಿಮೀಟರ್. ಅಂದರೆ 6 ಮೀಟರಿಗೆ ಹತ್ತಿರ ಹತ್ತಿರ 2 ಮಿಲಿಮೀಟರ್.

ಕೆಳಗಿನ ಕಾಂಕ್ರೀಟ್ ಕುಗ್ಗುತ್ತದೆ, ಮೇಲಿನ ಟೈಲ್ ಹಿಗ್ಗುತ್ತದೆ. ಟೈಲ್‌ಗಳನ್ನು ಒಂದಕ್ಕೊಂದು ಅಂಟಿಸಿ, ಗೋಡೆಗೂ ಒತ್ತಿ ಕೂರಿಸಿದ್ದರೆ ಅವಕ್ಕೆ ಪಕ್ಕಕ್ಕೆ ಸರಿಯಲು ಜಾಗವಿರುವುದಿಲ್ಲ. ಹಿಡಿತ ಸಡಿಲವಿದ್ದ ಕಡೆ ಮೇಲಕ್ಕೆ ಏಳುತ್ತವೆ. ಇದಕ್ಕಾಗಿಯೇ ಟೈಲ್‌ಗಳ ನಡುವೆ ಸ್ಪೇಸರ್ ಇಟ್ಟು ಸಂದು ಬಿಡುತ್ತಾರೆ. ಗೋಡೆಯ ಬುಡದಲ್ಲಿ ಸ್ಕರ್ಟಿಂಗ್ ಅಡಿ ಮುಚ್ಚಿಹೋಗುವಂತೆ ಸ್ವಲ್ಪ ಜಾಗ ಬಿಡುತ್ತಾರೆ. ದೊಡ್ಡ ನೆಲವಾದರೆ ನಡುನಡುವೆ ಮೆತ್ತಗಿನ ಸೀಲಂಟ್ ತುಂಬಿದ ಸಂದುಗಳೂ ಬೇಕು.

ಬೇಸಿಗೆ ಪ್ರತಿ ವರ್ಷ ಬರುತ್ತದೆ. ಅದಕ್ಕೆ ಜಾಗ ಬಿಡುವುದು ನೆಲದ ಕೆಲಸದ ಭಾಗವೇ. ಚಾವಣಿ ಸೋರಿದರೆ "ಮಳೆ ಬಂತು" ಎನ್ನುವುದು ಹೇಗೆ ಉತ್ತರವಾಗುವುದಿಲ್ಲವೋ, ಇದೂ ಹಾಗೆಯೇ.

ಅಂಟುವಿಕೆಯ ಲೆಕ್ಕ

ಗೋಡೆಗೆ ಹಾಕುವ ಸೆರಾಮಿಕ್ ಟೈಲ್ ಸಾಮಾನ್ಯವಾಗಿ ತನ್ನ ತೂಕದ ಶೇ 10ಕ್ಕಿಂತ ಹೆಚ್ಚು ನೀರು ಹೀರುತ್ತದೆ. ನೆಲಕ್ಕೆ ಹಾಕುವ ವಿಟ್ರಿಫೈಡ್ ಟೈಲ್ ಹೀರುವುದು ಶೇ 0.5ಕ್ಕಿಂತ ಹೆಚ್ಚಿಲ್ಲ. ಸೆರಾಮಿಕ್ ಟೈಲ್‌ನ ಸೂಕ್ಷ್ಮ ರಂಧ್ರಗಳಲ್ಲಿ ಸಿಮೆಂಟ್ ಹಾಲು ಇಳಿದು ಗಟ್ಟಿಯಾಗಿ ಹಿಡಿಯುತ್ತದೆ. ವಿಟ್ರಿಫೈಡ್‌ನಲ್ಲಿ ಇಳಿಯಲು ಜಾಗವೇ ಇಲ್ಲ. ಆದ್ದರಿಂದ ಬರೀ ಸಿಮೆಂಟ್ ಹಾಲಿನ ಮೇಲೆ ಕೂರಿಸಿದ ದೊಡ್ಡ ವಿಟ್ರಿಫೈಡ್ ಟೈಲ್ ಬೇಗ ಬಿಡುವ ಸಾಧ್ಯತೆ ಹೆಚ್ಚು. ಇವುಗಳಿಗಾಗಿಯೇ ಟೈಲ್ ಅಡ್ಹೆಸಿವ್ ಇದೆ. ಅದಕ್ಕೆ ಐಎಸ್ 15477 ಎಂಬ ಮಾನದಂಡವೂ ಇದೆ.

"ಯಾವ ಟೈಲ್ ಆದರೂ ರಾತ್ರಿಯೆಲ್ಲ ನೀರಲ್ಲಿ ನೆನೆಸಬೇಕು" ಎಂಬ ಮಾತೂ ಇಲ್ಲಿಂದಲೇ ಬಂದಿದ್ದು. ಸಿಮೆಂಟ್ ಗಾರೆಯ ಮೇಲೆ ಹಾಕುವ ಸೆರಾಮಿಕ್ ಟೈಲ್‌ಗೆ ಅದು ಸರಿ. ನೀರನ್ನೇ ಹೀರದ ವಿಟ್ರಿಫೈಡ್‌ಗೆ ಅದರಿಂದ ಪ್ರಯೋಜನವಿಲ್ಲ.

ಇನ್ನೊಂದು ಸಾಮಾನ್ಯ ಲೋಪವೆಂದರೆ ನಾಲ್ಕು ಮೂಲೆಗೂ ನಡುವಿಗೂ ಮುದ್ದೆ ಇಟ್ಟು ಟೈಲ್ ಒತ್ತುವುದು. ಉಳಿದ ಕಡೆ ಅಡಿಯಲ್ಲಿ ಗಾಳಿಯೇ ಇರುತ್ತದೆ. ಅಮೆರಿಕದ ಟೈಲ್ ಅಳವಡಿಕೆಯ ಮಾನದಂಡದ ಪ್ರಕಾರ ಒಣ ಜಾಗದಲ್ಲಿ ಟೈಲ್‌ನ ಹಿಂಬದಿಯ ಕನಿಷ್ಠ ಶೇ 80, ನೀರು ಬೀಳುವ ಜಾಗದಲ್ಲಿ ಶೇ 95 ಭಾಗಕ್ಕೆ ಅಂಟು ತಾಗಿರಬೇಕು.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ

1. ನಾಣ್ಯದಿಂದ ಪ್ರತಿ ಟೈಲ್‌ನ ಮೂಲೆ ಮತ್ತು ನಡುವೆ ತಟ್ಟಿ. ಟೊಳ್ಳು ಸದ್ದು ಬಂದ ಕಡೆ ಚಾಕ್‌ಪೀಸ್‌ನಿಂದ ಗುರುತು ಹಾಕಿ, ಇಡೀ ಕೋಣೆ ಕಾಣುವಂತೆ ಫೋಟೊ ತೆಗೆಯಿರಿ. ಎಲ್ಲೋ ಒಂದೆರಡು ಕಡೆ ಟೊಳ್ಳು ಸದ್ದು ಬಂದರೆ ಅಷ್ಟರಿಂದಲೇ ಕಳಪೆ ಕೆಲಸ ಎನ್ನಲಾಗದು. ಸಾಲು ಸಾಲಾಗಿ ಬಂದರೆ ಅದು ಗಂಭೀರ.

2. ಎದ್ದ ಟೈಲ್‌ನ ಹಿಂಬದಿ ನೋಡಿ. ಪೂರ್ತಿ ಶುಭ್ರವಾಗಿದ್ದರೆ ಅಂಟು ಟೈಲ್‌ಗೆ ಹಿಡಿದೇ ಇಲ್ಲ. ಗಾರೆಯೆಲ್ಲ ಟೈಲ್ ಜೊತೆ ಎದ್ದು ಬಂದಿದ್ದರೆ ಅದು ಕೆಳಗಿನ ನೆಲಕ್ಕೆ ಹಿಡಿದಿಲ್ಲ. ಅಲ್ಲಲ್ಲಿ ಮುದ್ದೆ ಮಾತ್ರ ಕಂಡರೆ ಕಾರಣ ಅಲ್ಲೇ ಇದೆ.

3. ಬಚ್ಚಲು, ಬಾಲ್ಕನಿಯಲ್ಲಿ ಒಂದು ಬಕೆಟ್ ನೀರು ಸುರಿದು ವಿಡಿಯೊ ಮಾಡಿ. ನೀರು ಜಾಲರಿಯತ್ತ ಹರಿಯದೆ ನಿಂತರೆ ಇಳಿಜಾರು ಸರಿಯಿಲ್ಲ. ವಯಸ್ಸಾದವರಿರುವ ಮನೆಯಲ್ಲಿ ಇದು ಜಾರಿ ಬೀಳುವ ಅಪಾಯವೂ ಹೌದು.

ಮುಖ್ಯವಾದ ಮಾತು: ಸಿಟ್ಟಿನಲ್ಲಿ ನೆಲವನ್ನೆಲ್ಲ ಒಡೆಸಿ ಬೇರೆಯವರಿಂದ ಹೊಸದಾಗಿ ಹಾಕಿಸಬೇಡಿ. ಸಾಕ್ಷ್ಯವಿರುವುದು ಟೈಲ್‌ನ ಅಡಿಯಲ್ಲಿ. ಎದ್ದ ಒಂದೆರಡು ಟೈಲ್‌ಗಳನ್ನು ಹಾಗೇ ಎತ್ತಿಡಿ.

ತಪ್ಪು ಯಾರದು?

ಎಲ್ಲ ಸಲವೂ ಕಂಟ್ರಾಕ್ಟರ್‌ನದೇ ಅಲ್ಲ. "ಗೆರೆ ಕಾಣಬಾರದು, ಸಂದು ಬೇಡ" ಎಂದು ಹಟ ಹಿಡಿದವರು ಮನೆಯವರೇ ಆಗಿರಬಹುದು. ಕೂಲಿ ಮಾತ್ರದ ಕರಾರಿನಲ್ಲಿ ನೀವೇ ತಂದ ಟೈಲ್ ಸೊಟ್ಟಗಿದ್ದರೆ ಅಂಗಡಿಯವರನ್ನು ಕೇಳಬೇಕು. ಆದರೆ ಇಳಿಜಾರು, ಮಟ್ಟ, ಸಂದು, ಅಂಟು ತಾಗುವಿಕೆ ಇವೆಲ್ಲ ಕೆಲಸಗಾರಿಕೆಗೆ ಸೇರಿದವು. ಸಾಮಾನು ಯಾರದೇ ಆಗಿರಲಿ, ಅದರ ಹೊಣೆ ಕೆಲಸ ಮಾಡಿಸಿದ ಕಂಟ್ರಾಕ್ಟರ್‌ನದು.

ದೂರು ಬರೆಯುವುದು ಹೇಗೆ?

ಫೋನ್‌ನಲ್ಲಿ ಜಗಳವಾಡಿದರೆ ದಾಖಲೆ ಉಳಿಯುವುದಿಲ್ಲ. ಮೊದಲು ವಾಟ್ಸ್‌ಆ್ಯಪ್ ಅಥವಾ ಇಮೇಲ್‌ನಲ್ಲಿ, ನಂತರ ಸ್ಪೀಡ್ ಪೋಸ್ಟ್‌ನಲ್ಲಿ ಬರೆಯಿರಿ. "ನಿಮ್ಮ ಕೆಲಸ ಕೆಟ್ಟದಾಗಿದೆ" ಎನ್ನುವುದಕ್ಕಿಂತ ಹೀಗೆ ಬರೆಯುವುದು ಉತ್ತಮ:

"ಹಾಲ್‌ನ 60 ಟೈಲ್‌ಗಳಲ್ಲಿ 22ರಲ್ಲಿ ಟೊಳ್ಳು ಸದ್ದು ಬರುತ್ತಿದೆ, 4 ಎದ್ದಿವೆ. ಗೋಡೆಯ ಬುಡದಲ್ಲಿ ಸಂದು ಬಿಟ್ಟಿಲ್ಲ. ಫೋಟೊಗಳನ್ನು ಲಗತ್ತಿಸಿದ್ದೇನೆ. 15 ದಿನದೊಳಗೆ ಬಂದು ಪರಿಶೀಲಿಸಿ, ನಿಮ್ಮ ಖರ್ಚಿನಲ್ಲಿ ಸರಿಪಡಿಸಿಕೊಡಬೇಕೆಂದು ಕೋರುತ್ತೇನೆ."

ಎಣಿಕೆ, ಕಾರಣ, ಬೇಡಿಕೆ, ಗಡುವು ಈ ನಾಲ್ಕೂ ಇರಲಿ. ಕಂಟ್ರಾಕ್ಟರ್ ನೋಡಲು ಬಂದಾಗ ಸಾಧ್ಯವಾದರೆ ಒಬ್ಬ ಸಿವಿಲ್ ಎಂಜಿನಿಯರ್ ಜೊತೆಗಿರಲಿ. ಅವರಿಂದ ಬರಹದಲ್ಲಿ ವರದಿ ಪಡೆಯಿರಿ. ಕಾರಣ ಸರಿಪಡಿಸದೆ ಸಂದಿಯಲ್ಲಿ ಬಿಳಿ ಸಿಮೆಂಟ್ ತುಂಬಿ ಹೋಗುವುದಕ್ಕೆ ಒಪ್ಪಬೇಡಿ.

ಉತ್ತರ ಬರದಿದ್ದರೆ?

ಮನೆ ಕಟ್ಟಿಕೊಡುವುದೂ ಗ್ರಾಹಕ ಕಾನೂನಿನಡಿ 'ಸೇವೆ' ಎಂದು ಸುಪ್ರೀಂ ಕೋರ್ಟ್ 1993ರ ಲಕ್ನೋ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲೇ ಹೇಳಿದೆ. ಆದ್ದರಿಂದ ವಾಸದ ಮನೆಯ ನೆಲದ ಕೆಲಸ ಕಳಪೆಯಾದರೆ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿ ಸೇವಾ ನ್ಯೂನತೆಯ ದೂರು ಕೊಡಬಹುದು.

ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಕೊಟ್ಟ ಹಣ 50 ಲಕ್ಷ ರೂಪಾಯಿ ಮೀರದಿದ್ದರೆ ದೂರು ಅಲ್ಲಿಗೇ. 5 ಲಕ್ಷದವರೆಗೆ ಶುಲ್ಕವಿಲ್ಲ. ನೀವು ವಾಸವಿರುವ ಜಿಲ್ಲೆಯಲ್ಲೇ ಕೊಡಬಹುದು, ವಕೀಲರು ಕಡ್ಡಾಯವಲ್ಲ.

ಬಿಲ್ಡರ್‌ನಿಂದ ಕೊಂಡ ಫ್ಲ್ಯಾಟ್ ರೇರಾ ಕಾಯ್ದೆಯಡಿ ಬರುವುದಾದರೆ ಇನ್ನೊಂದು ದಾರಿಯಿದೆ. ಸ್ವಾಧೀನ ಕೊಟ್ಟ 5 ವರ್ಷದೊಳಗೆ ಕೆಲಸಗಾರಿಕೆಯ ದೋಷ ತಿಳಿಸಿದರೆ ಬಿಲ್ಡರ್ 30 ದಿನದೊಳಗೆ ಉಚಿತವಾಗಿ ಸರಿಪಡಿಸಬೇಕು ಎನ್ನುತ್ತದೆ ಸೆಕ್ಷನ್ 14(3). ಸ್ವಂತ ನಿವೇಶನದಲ್ಲಿ ನೀವೇ ಕಟ್ಟಿಸಿದ ಮನೆಗೆ ಇದು ಅನ್ವಯಿಸುವುದಿಲ್ಲ.

"ಬಿಲ್ ಇಲ್ಲ, ಕರಾರು ಪತ್ರವಿಲ್ಲ, ಹಾಗಾಗಿ ಕೇಸೂ ಇಲ್ಲ" ಎಂಬುದು ತಪ್ಪು ತಿಳಿವಳಿಕೆ. ಬಾಯಿಮಾತಿನ ಕರಾರೂ ಕರಾರೇ. ಯುಪಿಐ ಪಾವತಿ, ಬ್ಯಾಂಕ್ ವಿವರ, ವಾಟ್ಸ್‌ಆ್ಯಪ್ ಸಂದೇಶ, ಕೈಬರಹದ ಚೀಟಿ ಎಲ್ಲವೂ ಉಪಯೋಗಕ್ಕೆ ಬರುತ್ತವೆ.

ಆದರೆ ಕಾಲಮಿತಿಯನ್ನು ಮರೆಯುವಂತಿಲ್ಲ. ದೂರಿಗೆ ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ಆಯೋಗಕ್ಕೆ ಹೋಗಬೇಕು. ತಡವಾದರೆ ಒಪ್ಪುವಂಥ ಕಾರಣ ಕೊಡಬೇಕಾಗುತ್ತದೆ. "ಮುಂದಿನ ತಿಂಗಳು ಮಾಡಿಕೊಡ್ತೀನಿ" ಎಂಬ ಮಾತಿನಲ್ಲೇ ಈ 2 ವರ್ಷ ಕಳೆದುಹೋಗುತ್ತದೆ. ಹಾಗಾಗಿ ಮೊದಲ ಟೈಲ್ ಎದ್ದ ದಿನವೇ ತಾರೀಕು ಬರೆದಿಡಿ. ಇನ್ನು ಕೆಲಸ ಶುರು ಮಾಡಿಸಬೇಕಾದವರು ಕೊನೆಯ ಕಂತು ಕೊಡುವ ಮುಂಚೆ ನೆಲವನ್ನೆಲ್ಲ ನಾಣ್ಯದಿಂದ ಒಮ್ಮೆ ತಟ್ಟಿ ನೋಡಿ. ಹಣ ಕೈಯಲ್ಲಿರುವಾಗ ಸರಿಪಡಿಸಿಕೊಳ್ಳುವುದು ಸುಲಭ.