ಚಳಿಗೊಂದು ಟೈರು, ಮಳೆಗೊಂದು ಟೈರು

ಕನಕಪುರ ತಾಲ್ಲೂಕಿನ ಉಯ್ಯಂಬಳ್ಳಿಯಿಂದ ನಮ್ಮ ಕಾರ್ಯಕ್ರಮಕ್ಕೆ ಒಂದು ಪತ್ರ ಬಂದಿತ್ತು. ಬರೆದವಳು ಪಿಯುಸಿ ಓದುತ್ತಿರುವ ಹುಡುಗಿ. ಮನೆಯಲ್ಲಿ ರೇಷ್ಮೆ ಬೆಳೆಯುತ್ತಾರೆ. ಗೂಡನ್ನು ರಾಮನಗರದ ಮಾರುಕಟ್ಟೆಗೆ ಸಾಗಿಸಲು, ಉಳಿದ ದಿನಗಳಲ್ಲಿ ಬಾಡಿಗೆಗೆ ಓಡಿಸಲು ಒಂದು ಪಿಕಪ್ ಗಾಡಿ ಇಟ್ಟುಕೊಂಡಿದ್ದಾರೆ. ಅವಳ ಚಿಕ್ಕಪ್ಪ ಕೆನಡಾ ದೇಶದ ಕ್ವಿಬೆಕ್ ಪ್ರಾಂತ್ಯದಲ್ಲಿದ್ದಾರೆ. ಅಲ್ಲಿ ಡಿಸೆಂಬರ್ ಬಂತೆಂದರೆ ಗಾಡಿಯ ನಾಲ್ಕೂ ಟೈರು ಬಿಚ್ಚಿಸಿ ಚಳಿಗಾಲದ ಟೈರು ಹಾಕಿಸಬೇಕು, ಇಲ್ಲದಿದ್ದರೆ ದಂಡ ಕಟ್ಟಬೇಕು ಎಂದು ಅವರು ಫೋನಿನಲ್ಲಿ ಹೇಳಿದರಂತೆ. "ಸಾರ್, ನಮ್ಮ ಗಾಡಿಗೂ ಟೈರು ಬದಲಾಯಿಸಬೇಕಾಗಿದೆ. ಚಳಿಗಾಲದ ಟೈರಿಗೆ ಹಿಡಿತ ಜಾಸ್ತಿ ಅನ್ನುವುದಾದರೆ ನಾವೂ ಅದನ್ನೇ ತರಿಸಬಹುದೆ?" ಇದು ಅವಳ ಪ್ರಶ್ನೆ.

ಅರ್ಧ ಗಂಟೆಯ ಮಾತುಕತೆಯಲ್ಲಿ ಈ ಪ್ರಶ್ನೆಗೆ ನಾವು ಕೊಡಲಾದದ್ದು ಎರಡೇ ನಿಮಿಷ. "ಬೇಡ" ಎಂದು ಹೇಳಿ ಮುಂದಿನ ಪತ್ರಕ್ಕೆ ಹೋದೆವು. ಆದರೆ ಏಕೆ ಬೇಡ ಎಂಬುದಕ್ಕೆ ಸುಮಾರು ನೂರೆಂಬತ್ತು ವರ್ಷಗಳ ಕಥೆಯಿದೆ. ಅದನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡೋಣ.

ಟೈರು ಎಂದೊಡನೆ ನಿಮಗೆ ರಬ್ಬರು ನೆನಪಾಗುತ್ತದೆ. ರಬ್ಬರು ಬರುವ ಮೊದಲೂ ಟೈರು ಇತ್ತು. ಎತ್ತಿನ ಗಾಡಿಯ ಮರದ ಚಕ್ರಕ್ಕೆ ಬಿಗಿಯುತ್ತಿದ್ದ ಕಬ್ಬಿಣದ ಪಟ್ಟಿಯೇ ಅದು. ಊರಿನ ಹಿರಿಯರನ್ನು ಕೇಳಿ ನೋಡಿ. ಪಟ್ಟಿಯನ್ನು ಚಕ್ರದ ಸುತ್ತಳತೆಗಿಂತ ತುಸು ಚಿಕ್ಕದಾಗಿ ಬಳೆ ಮಾಡಿಕೊಂಡು, ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಇಕ್ಕಳದಲ್ಲಿ ಹಿಡಿದು ಚಕ್ರಕ್ಕೆ ತೊಡಿಸಿ, ಮೇಲೆ ನೀರು ಸುರಿಯುತ್ತಿದ್ದರು. ಲೆಕ್ಕ ನೀವೇ ಹಾಕಬಹುದು. ನಾಲ್ಕು ಮೀಟರ್ ಸುತ್ತಳತೆಯ ಕಬ್ಬಿಣವನ್ನು 500 ಡಿಗ್ರಿಯಷ್ಟು ಬಿಸಿ ಮಾಡಿದರೆ ಅದು ಸುಮಾರು 24 ಮಿಲಿಮೀಟರ್ ಹಿಗ್ಗುತ್ತದೆ, ತಣಿದಾಗ ಅಷ್ಟೇ ಕುಗ್ಗಿ ಮರವನ್ನು ಕಚ್ಚಿಕೊಳ್ಳುತ್ತದೆ. ಪಠ್ಯಪುಸ್ತಕದಲ್ಲಿ ಉಷ್ಣದ ಹಿಗ್ಗುವಿಕೆಗೆ ರೈಲು ಹಳಿಯ ಉದಾಹರಣೆ ಓದಿದ ನನಗೆ, ಪಕ್ಕದ ಬೀದಿಯ ಕುಲುಮೆಯಲ್ಲೂ ಅದೇ ಪಾಠ ನಡೆಯುತ್ತಿತ್ತು ಎಂಬುದು ತಿಳಿದದ್ದು ಬಿ.ಎಸ್‌ಸಿ. ಮುಗಿದ ಮೇಲೆ.

ಆ ಕಬ್ಬಿಣಕ್ಕೆ ಚಳಿಗಾಲ, ಬೇಸಿಗೆ ಎಂಬ ಭೇದವಿರಲಿಲ್ಲ. ಆದರೆ ಅದು ಮಣ್ಣಿನ ದಾರಿಯನ್ನು ಕೊಯ್ದುಬಿಡುತ್ತಿತ್ತು. ಮಳೆಗಾಲದಲ್ಲಿ ಗುಂಭದವರೆಗೆ ಹೂತುಹೋಗುತ್ತಿತ್ತು. ರಬ್ಬರು ಬಂದು ಈ ತೊಂದರೆಯನ್ನು ಕಳೆಯಿತು. ಬದಲಿಗೆ ಋತುವಿನ ತೊಂದರೆಯನ್ನು ತಂದಿತು.

1830ರ ದಶಕದಲ್ಲಿ ಅಮೆರಿಕ, ಯೂರೋಪುಗಳಲ್ಲಿ ರಬ್ಬರಿನ ಬೂಟು, ಕೋಟುಗಳು ಮಾರಾಟಕ್ಕೆ ಬಂದಿದ್ದವು. ಅವು ಬೇಸಿಗೆಯಲ್ಲಿ ಕರಗಿ ಅಂಟಾಗುತ್ತಿದ್ದವು, ಚಳಿಗಾಲದಲ್ಲಿ ಹಲಗೆಯಂತೆ ಬಿರುಸಾಗುತ್ತಿದ್ದವು. ಕೊಂಡವರು ಹಿಂದಿರುಗಿಸಿದರು, ಕಂಪನಿಗಳು ಮುಚ್ಚಿದವು. ಚಾರ್ಲ್ಸ್ ಗುಡ್‌ಇಯರ್ ಎಂಬ ಅಮೆರಿಕನ್ ವರ್ಷಗಟ್ಟಲೆ ಪ್ರಯತ್ನಿಸಿ 1839ರಲ್ಲಿ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿದರೆ ಅದು ಬಿಸಿಲಿಗೂ ಚಳಿಗೂ ಹದ ಕೆಡುವುದಿಲ್ಲ ಎಂದು ಕಂಡುಕೊಂಡ. ರಬ್ಬರಿನ ಉದ್ದುದ್ದ ಅಣುಸರಪಳಿಗಳ ನಡುವೆ ಗಂಧಕ ಅಲ್ಲಲ್ಲಿ ಗಂಟು ಹಾಕುತ್ತದೆ. ಎಳೆದರೆ ಸರಪಳಿಗಳು ನೀಳುತ್ತವೆ, ಬಿಟ್ಟರೆ ಮತ್ತೆ ಸ್ವಸ್ಥಾನಕ್ಕೆ ಬರುತ್ತವೆ. 1844ರಲ್ಲಿ ಪೇಟೆಂಟ್ ಸಿಕ್ಕಿತು. ಆದರೂ 1860ರಲ್ಲಿ ತೀರಿಕೊಂಡಾಗ ಗುಡ್‌ಇಯರ್‌ನ ಮೇಲೆ ದೊಡ್ಡ ಸಾಲವಿತ್ತು.

ಗಾಳಿ ತುಂಬಿದ ಟೈರಿಗೆ ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲೇ ಪೇಟೆಂಟ್ ಪಡೆದಿದ್ದ. ಅದನ್ನು ಎಲ್ಲರೂ ಮರೆತರು. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್ಲಪ್ ತನ್ನ ಮಗನ ಮೂರು ಚಕ್ರದ ಸೈಕಲ್ಲಿಗಾಗಿ ಅದನ್ನೇ ಮತ್ತೆ ಕಂಡುಹಿಡಿದ. ಡನ್ಲಪ್ ಹೆಸರಿನ ಕಂಪನಿ 1936ರಲ್ಲಿ ಬಂಗಾಳದ ಸಾಹಾಗಂಜಿನಲ್ಲಿ ಕಾರ್ಖಾನೆ ತೆರೆಯಿತು. ರಬ್ಬರು ಚಕ್ರದ ಎತ್ತಿನ ಗಾಡಿಗೆ ನಮ್ಮ ರೈತರು "ಡನ್ಲಪ್ ಗಾಡಿ" ಎಂದೇ ಹೆಸರಿಟ್ಟರು. ಮುಂದೆ ನಮ್ಮ ಮೈಸೂರಿನಲ್ಲೇ ವಿಕ್ರಾಂತ್ ಟೈರುಗಳು ತಯಾರಾದವು. 1997ರಲ್ಲಿ ಆ ಕಂಪನಿ ಜೆ.ಕೆ. ಟೈರ್ ಸಂಸ್ಥೆಯ ಕೈಸೇರಿತು. ಅಂದಹಾಗೆ, ಸುಳ್ಯ, ಪುತ್ತೂರು ಕಡೆ ಹೋದರೆ ಸರ್ಕಾರದ ರಬ್ಬರು ತೋಟಗಳನ್ನು ನೋಡಿ. ಶ್ರೀಲಂಕಾದಿಂದ ಮರಳಿದ ತಮಿಳು ಕುಟುಂಬಗಳಿಗೆ ನೆಲೆ ಕೊಡಲೆಂದು ಬೆಳೆಸಿದವು ಅವು. ಅದು ಇನ್ನೊಂದು ದಿನದ ವಿಷಯ.

ಈಗ ಚಳಿಗಾಲದ ಟೈರಿಗೆ ಬರೋಣ. ಹಿಮದ ಮೇಲೆ ಚಕ್ರ ಸುತ್ತುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಮೊದಮೊದಲು ಅಲ್ಲಿನ ಚಾಲಕರು ಚಕ್ರಕ್ಕೆ ಹಗ್ಗ ಸುತ್ತಿದರು. 1904ರಲ್ಲಿ ಅಮೆರಿಕದ ಹ್ಯಾರಿ ವೀಡ್ ಚಕ್ರಕ್ಕೆ ಕಟ್ಟುವ ಸರಪಳಿಗೆ ಪೇಟೆಂಟ್ ಪಡೆದ. ನಮ್ಮ ಹಿಮಾಲಯದ ದಾರಿಗಳಲ್ಲಿ ಇಂದಿಗೂ ಲಾರಿಗಳು ಇಂಥ ಸರಪಳಿ ಕಟ್ಟಿಕೊಂಡು ಸಾಗುತ್ತವೆ. ಹಿಮಕ್ಕೆಂದೇ ಪ್ರತ್ಯೇಕ ಟೈರು ಬಂದದ್ದು 1934ರಲ್ಲಿ, ಫಿನ್ಲೆಂಡಿನಲ್ಲಿ. ಗಮನಿಸಿ, ಅದು ಶ್ರೀಮಂತರ ಕಾರಿಗಲ್ಲ, ಸರಕು ಸಾಗಿಸುವ ಟ್ರಕ್ಕಿಗೆ ಮಾಡಿದ್ದು. ಹೆಸರು "ಕೆಲಿರೆಂಗಾಸ್", ಅಂದರೆ ಹವಾಮಾನದ ಟೈರು. ಕಾರಿನ ಟೈರು ಬಂದದ್ದು ಎರಡು ವರ್ಷ ತಡವಾಗಿ, 1936ರಲ್ಲಿ. ಅದನ್ನು ತಯಾರಿಸಿದ ರಬ್ಬರು ಕಂಪನಿ 1967ರಲ್ಲಿ ನೋಕಿಯಾದಲ್ಲಿ ವಿಲೀನವಾಯಿತು. ನಿಮ್ಮ ತಂದೆಯ ಕೈಯಲ್ಲಿದ್ದ ಮೊದಲ ಮೊಬೈಲು ಬಹುಶಃ ಅದೇ ನೋಕಿಯಾದ್ದು!

ಆ ಟೈರಿನ ಅಡಿಯಲ್ಲಿ ಹಿಮವನ್ನು ಕಚ್ಚುವ ಅಡ್ಡ ಕಚ್ಚುಗಳಿದ್ದವು. ಆಮೇಲೆ ಲೋಹದ ಮೊಳೆ ಬಡಿದ ಟೈರುಗಳು ಬಂದವು. ಅವು ರಸ್ತೆಯನ್ನೇ ಕೆರೆದುಹಾಕುತ್ತವೆ ಎಂದು ಜರ್ಮನಿ 1975ರಲ್ಲಿ ನಿಷೇಧಿಸಿತು. ಆಗ ತಯಾರಕರು ಕಚ್ಚಿನ ಜೊತೆಗೆ ರಬ್ಬರಿನ ಹದದ ಕಡೆಗೂ ಹೆಚ್ಚು ಗಮನ ಕೊಡಬೇಕಾಯಿತು. ಗುಡ್‌ಇಯರ್ ಅರ್ಧ ಬಿಡಿಸಿದ್ದ ಸಮಸ್ಯೆ ಇಲ್ಲಿ ಮತ್ತೆ ಎದುರಾಗುತ್ತದೆ. ಗಂಧಕ ಹಾಕಿದ ರಬ್ಬರು ಕರಗದು, ನಿಜ. ಆದರೆ ಸಾಮಾನ್ಯ ಟೈರಿನ ರಬ್ಬರು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬಿರುಸಾಗುತ್ತಾ ಹೋಗುತ್ತದೆ. ರಸ್ತೆಯ ಸಣ್ಣ ಉಬ್ಬುತಗ್ಗುಗಳಿಗೆ ಒತ್ತಿಕೊಳ್ಳದ ರಬ್ಬರಿಗೆ ಹಿಡಿತವಿಲ್ಲ. ಆದ್ದರಿಂದ ಚಳಿಗಾಲದ ಟೈರಿಗೆ ಬೇರೆಯೇ ಮಿಶ್ರಣ ಬಳಸಿ, ಕೊರೆಯುವ ಚಳಿಯಲ್ಲೂ ಮೆತ್ತಗಿರುವಂತೆ ಮಾಡುತ್ತಾರೆ. ಇಂಥ ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಒಂದು ಹಿಮದ ಹರಳು ಅಚ್ಚಾಗಿರುತ್ತದೆ. 1999ರಿಂದ ಬಂದ ಗುರುತು ಅದು. ಬರೀ "ಎಂ ಪ್ಲಸ್ ಎಸ್" ಎಂದಿದ್ದರೆ ಕೆಸರು ಮತ್ತು ಹಿಮ ಎಂದಷ್ಟೇ ಅರ್ಥ. ಚಳಿಯ ಪರೀಕ್ಷೆ ಪಾಸಾಗಿದೆ ಎಂದಲ್ಲ. ಕ್ವಿಬೆಕ್‌ನಲ್ಲಿ 2008ರ ಡಿಸೆಂಬರಿನಿಂದ ಚಳಿಗಾಲದ ಟೈರು ಕಡ್ಡಾಯ.

ಈಗ ಉಯ್ಯಂಬಳ್ಳಿಗೆ ಬನ್ನಿ. ಬೆಂಗಳೂರಿನ ದಾಖಲೆಯಲ್ಲೇ ಅತ್ಯಂತ ಕಡಿಮೆ ಉಷ್ಣತೆ 1884ರ ಜನವರಿ 13ರಂದು 7.8 ಡಿಗ್ರಿ. ಅಂದರೆ ಅಂದು ಕೂಡ 7ರ ಗೆರೆ ದಾಟಿರಲಿಲ್ಲ! ಉಯ್ಯಂಬಳ್ಳಿಯಾದರೋ ಬೆಂಗಳೂರಿಗಿಂತ ತಗ್ಗು, ಅರ್ಕಾವತಿ ಕಾವೇರಿಯನ್ನು ಕೂಡುವ ಸಂಗಮದ ಕಡೆಯ ಬಿಸಿ ನೆಲ. ಏಪ್ರಿಲ್ ಮಧ್ಯಾಹ್ನ ಅಲ್ಲಿನ ಟಾರು ರಸ್ತೆಯ ಮೇಲೆ ಬರಿಗಾಲಿಟ್ಟು ನೋಡಿ. ಆ ಕಾವಿನಲ್ಲಿ ಮೆತ್ತನೆಯ ಚಳಿಗಾಲದ ಟೈರು ಬಳಪದಂತೆ ಸವೆಯುತ್ತದೆ. ತುಂಬಿದ ಹೇರಿನಲ್ಲಿ ತಿರುವು ತೆಗೆದುಕೊಂಡಾಗ ಅದರ ಕಚ್ಚುಗಳು ಬಾಗುತ್ತವೆ, ಬ್ರೇಕು ಒತ್ತಿದರೆ ಗಾಡಿ ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ. ಹೆಚ್ಚು ಹಣ ಕೊಟ್ಟು ಅಪಾಯವನ್ನು ಕೊಂಡಂತೆ.

ಹಾಗಾದರೆ ನಮಗೆ ಋತುವಿನ ಭಯವಿಲ್ಲವೆ? ಇದೆ. ಅದು ಬರುವುದು ಡಿಸೆಂಬರಿನಲ್ಲಲ್ಲ, ಮುಂಗಾರಿನ ಮೊದಲ ಮಳೆಯಲ್ಲಿ. ತಿಂಗಳುಗಟ್ಟಲೆ ರಸ್ತೆಯ ಮೇಲೆ ಕೂತ ಧೂಳು, ಎಣ್ಣೆ, ಸವೆದ ರಬ್ಬರಿನ ಪುಡಿ ಆ ಮೊದಲ ಹನಿಗಳಿಗೆ ಕಲಸಿ ಜಾರುವ ಲೇಪವಾಗುತ್ತದೆ. ಜೋರು ಮಳೆ ಬಂದು ತೊಳೆದ ಮೇಲೆ ಜಾರಿಕೆ ತಗ್ಗುತ್ತದೆ.

ಇದನ್ನು ನಾನು ಪುಸ್ತಕದಿಂದ ಹೇಳುತ್ತಿಲ್ಲ. ಕೆಲವು ವರ್ಷಗಳ ಹಿಂದೆ ಸಂಗಮದ ಕಡೆ ಚಿತ್ರೀಕರಣಕ್ಕೆ ಹೊರಟಿದ್ದೆವು. ದೀಪ, ಸ್ಟ್ಯಾಂಡುಗಳನ್ನು ಹೇರಿದ ಬಾಡಿಗೆ ಪಿಕಪ್ ಮುಂದೆ, ನಮ್ಮ ಜೀಪು ಹಿಂದೆ. ತುಂತುರು ಶುರುವಾಗಿ ಹತ್ತು ನಿಮಿಷವಾಗಿರಬೇಕು. ಇಳಿಜಾರಿನ ತಿರುವಿನಲ್ಲಿ ಎದುರಿಗೆ ದನ ಬಂತು, ಚಾಲಕ ಬ್ರೇಕು ಒತ್ತಿದ. ಪಿಕಪ್‌ನ ಹಿಂಭಾಗ ನಿಧಾನವಾಗಿ, ಯಾರೋ ತಳ್ಳಿದಂತೆ, ರಸ್ತೆಗೆ ಅಡ್ಡವಾಗಿ ತಿರುಗಿ ಕಲ್ಲಿನ ಮೋಟುಗೋಡೆಗೆ ಬಡಿದು ನಿಂತಿತು. ಹಿಂದೆ ಸಾಮಾನಿನ ಜೊತೆ ಕೂತಿದ್ದ ನಮ್ಮ ಸಹಾಯಕನ ಕೈ ಮುರಿಯಿತು. ಅವನನ್ನು ಅಲ್ಲಿ ಕೂರಲು ಬಿಟ್ಟವನು ನಾನೇ. "ಟೈರು ಚೆನ್ನಾಗೇ ಇದೆ ಸಾರ್" ಎಂದು ಚಾಲಕ ಅಳುಮುಖ ಮಾಡಿದ. ನೋಡಿದರೆ ಕಚ್ಚುಗಳು ಆಳವಾಗಿ, ಕಪ್ಪಗೆ ಹೊಳೆಯುತ್ತಿದ್ದವು. ಪಂಕ್ಚರ್ ಅಂಗಡಿಯ ಹಿರಿಯರೊಬ್ಬರು ಬಂದು ಆ ಕಚ್ಚಿನೊಳಗೆ ಬೆರಳಾಡಿಸಿ, "ಇಲ್ಲಿ ಮುಟ್ಟಿ ನೋಡಿ" ಎಂದರು. ಬೆರಳಿಗೆ ಸಿಕ್ಕಿದ್ದು ನೂಲು. ಬೋಳಾದ ಹಳೆ ಟೈರಿಗೆ ಕಾದ ಬ್ಲೇಡಿನಿಂದ ಹೊಸದಾಗಿ ಗೆರೆ ಕೊರೆದು, ಪಾಲಿಶ್ ಬಳಿದು ಮಾರಿದ್ದರು. ಚಾಲಕ ಅರ್ಧ ಬೆಲೆಗೆ ಸಿಕ್ಕಿತೆಂದು ಕೊಂಡಿದ್ದ.

ಆದ್ದರಿಂದ ನಿಮ್ಮ ಮನೆಯ ಗಾಡಿಗೆ ಟೈರು ಆರಿಸುವಾಗ ಮಳೆಯನ್ನೂ ಹೇರನ್ನೂ ನೆನಪಿನಲ್ಲಿಟ್ಟುಕೊಳ್ಳಿ. ಟೈರಿನ ಗೆರೆಗಳು ಇರುವುದು ಅಂದಕ್ಕಲ್ಲ. ಚಕ್ರದ ಅಡಿಗೆ ಸಿಕ್ಕ ನೀರು ಕ್ಷಣಮಾತ್ರದಲ್ಲಿ ಹೊರಹೋಗಲು ತೋಡಿದ ಕಾಲುವೆಗಳು ಅವು. ಉದ್ದ ಗೆರೆಯದನ್ನು ರಿಬ್ ಎನ್ನುತ್ತಾರೆ, ಸ್ಟೀರಿಂಗಿನ ಮಾತು ಕೇಳುವುದರಿಂದ ಅದು ಮುಂದಿನ ಚಕ್ರಕ್ಕೆ. ಅಡ್ಡ ಕಚ್ಚಿನದು ಲಗ್, ಮಣ್ಣನ್ನು ಕಚ್ಚಿ ತಳ್ಳುವುದರಿಂದ ಹಿಂದಿನ ಚಕ್ರಕ್ಕೆ. ಹೊಲದ ದಾರಿಗೆ ಇಳಿಯುವ ಗಾಡಿಗಂತೂ ಲಗ್ ಬೇಕೇ ಬೇಕು. ಫಿನ್ಲೆಂಡಿನ ಆ 1934ರ ಟೈರಿಗೆ ಇದು ಒಂದು ಬಗೆಯಲ್ಲಿ ನೆಂಟ. ಗೆರೆಗಳ ತಳದಲ್ಲಿ ಅಲ್ಲಲ್ಲಿ ಚಿಕ್ಕ ದಿಬ್ಬಗಳಿರುತ್ತವೆ. ರಬ್ಬರು ಸವೆದು ಆ ದಿಬ್ಬಕ್ಕೆ ಸಮನಾಯಿತೆಂದರೆ ಉಳಿದಿರುವುದು 1.6 ಮಿಲಿಮೀಟರ್ ಆಳ, ಅಲ್ಲಿಗೆ ಅದರ ಆಯಸ್ಸು ಮುಗಿಯಿತು. ಬ್ಲೇಡಿನಿಂದ ಕೊರೆದ ಟೈರಿನಲ್ಲಿ ಆ ದಿಬ್ಬಗಳನ್ನು ಹುಡುಕಿ ನೋಡಿ, ಸಾಮಾನ್ಯವಾಗಿ ಸಿಗುವುದಿಲ್ಲ.

ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು ಎಂದರ್ಥ. ಓಡದೆ ಅಂಗಡಿಯಲ್ಲೇ ಕೂತರೂ ರಬ್ಬರಿಗೆ ವಯಸ್ಸಾಗುತ್ತದೆ. ಎಷ್ಟು ಹೇರು ತಡೆಯುತ್ತದೆ ಎಂಬುದಕ್ಕೂ ಅಲ್ಲೇ ಅಂಕಿ ಇರುತ್ತದೆ. ರೇಷ್ಮೆ ಗೂಡು ಹಗುರ, ಗಾಡಿ ತುಂಬ ಹಾಕಿದರೂ ಟೈರಿಗೆ ಭಾರವಾಗದು. ಆದರೆ ಅದೇ ಗಾಡಿಯಲ್ಲಿ ಮರುದಿನ ತೆಂಗಿನಕಾಯಿ, ಅದರ ಮರುದಿನ ಮದುವೆಯ ಜನ! ಸರಕಿನ ಗಾಡಿಯಲ್ಲಿ ಜನರನ್ನು ಹೇರುವುದು ಕಾನೂನಿಗೆ ವಿರುದ್ಧ ಎಂಬುದು ನಿಮಗೆ ಗೊತ್ತು, ನಿಮ್ಮ ಮನೆಯವರಿಗೂ ಗೊತ್ತು. ಗಾಳಿ ಕಡಿಮೆಯಿರುವ ಟೈರಿಗೆ ಹೇರು ಹೆಚ್ಚಾದರೆ ಅದರ ಪಕ್ಕೆಗಳು ಸುತ್ತು ಸುತ್ತಿಗೂ ಮಡಿಸಿ ಬಿಡಿಸಿ ಒಳಗೇ ಕಾಯುತ್ತವೆ. ಬೇಸಿಗೆಯಲ್ಲಿ ಟೈರು ಸಿಡಿಯುವುದಕ್ಕೆ ಇದು ದೊಡ್ಡ ಕಾರಣ, ಬಿಸಿಲು ಬರೀ ನೆಪ.

ಗೂಡು ಸಾಗಿಸುವವರಿಗೆ ಇನ್ನೊಂದು ಒತ್ತಡವಿದೆ. ತಡವಾದರೆ ಒಳಗಿನ ಹುಳು ಚಿಟ್ಟೆಯಾಗಿ ಗೂಡು ಕೊರೆದುಕೊಂಡು ಬರುತ್ತದೆ, ತೂತಾದ ಗೂಡಿನಿಂದ ಎಳೆ ಬಿಚ್ಚಲಾಗದು. ಹರಾಜಿನ ಹೊತ್ತಿಗೆ ಮುಟ್ಟಬೇಕೆಂದು ಮಳೆಯಲ್ಲೂ, ಕತ್ತಲೆಯಲ್ಲೂ ಹೊರಡುತ್ತಾರೆ. ಉಯ್ಯಂಬಳ್ಳಿಯ ಆ ಹುಡುಗಿಗೆ ಬರೆದ ಉತ್ತರದಲ್ಲಿ ನಾನು ಇದನ್ನೆಲ್ಲ ವಿವರಿಸಿ, ನಾಲ್ಕೂ ಟೈರಿನ ಅಂಕಿಗಳನ್ನು ಓದಿ ತಿಳಿಸುವಂತೆ ಕೇಳಿದೆ. ಹದಿನೈದು ದಿನಕ್ಕೆ ಮಾರುತ್ತರ ಬಂತು. ಮೂರು ಟೈರು 2018ರವು. ಹಿಂದಿನ ಎಡಗಡೆಯದು 2011ರದ್ದು, ದಿಬ್ಬಗಳು ಕಾಣುತ್ತಿಲ್ಲ. ಅದನ್ನು ಬಿಚ್ಚಿಸಿ ಹೊಸದು ಹಾಕಿಸಿದ್ದಾರಂತೆ. ಉಳಿದ ಮೂರನ್ನು ಮುಂದಿನ ಬೆಳೆ ಮಾರಿದ ಮೇಲೆ ನೋಡೋಣ ಎಂದು ಅವಳ ತಂದೆ ಹೇಳಿದ್ದಾರೆ.