ಗೇಣುದ್ದದ ಶೆವರ್ಲೆ

ದಸರೆಯ ದಿನ ಸಂಜೆ ಕೊಲ್ಹಾಪುರದ ದಸರಾ ಚೌಕಕ್ಕೆ ಹೋದವರೆಲ್ಲ ಆ ಕಾರನ್ನು ನೋಡಿರುತ್ತಾರೆ. ಛತ್ರಪತಿ ಮನೆತನದವರು ಬನ್ನಿ ಮುಡಿಯುವ ಸಮಾರಂಭಕ್ಕೆ ಬರುವುದು ಜರ್ಮನಿಯ ಹಳೆಯ ಮೇಬ್ಯಾಕ್ ಕಾರಿನಲ್ಲಿ. ರಾಜಾರಾಮ ಮಹಾರಾಜರ ಕಾಲದ್ದು, 1930ರ ದಶಕದ್ದು. ಇವತ್ತಿಗೂ ಅದನ್ನು ತಿಕ್ಕಿ ತೊಳೆದು ಜೋಪಾನವಾಗಿ ಇಟ್ಟಿದ್ದಾರೆ. ಅರಸರ ಕಾರು ಉಳಿಯಿತು, ಸಂತೋಷ. ಆದರೆ ಗಡಹಿಂಗ್ಲಜ, ಸಂಕೇಶ್ವರ, ನಿಪ್ಪಾಣಿ ರಸ್ತೆಯ ಮೇಲೆ ಬಾಡಿಗೆಗೆ ಓಡಿದ ಅಮೇರಿಕದ ಕಾರುಗಳು ಎಲ್ಲಿ ಹೋದವು?

ಈ ಪ್ರಶ್ನೆ ನನಗೆ ಹುಟ್ಟಿದ್ದು ಒಂದು ಆಟಿಗೆ ಕಾರಿನಿಂದ. ಆಟಿಗೆ ಅಂದರೆ ಹುಡುಗರು ಆಡುವಂಥದ್ದಲ್ಲ. ಲೋಹದಲ್ಲಿ ಎರಕ ಹೊಯ್ದು, ನಿಜವಾದ ಕಾರಿನ ಅಳತೆಯನ್ನು 24 ಪಾಲು ಮಾಡಿ ಒಂದು ಪಾಲಿಗೆ ಇಳಿಸಿದ, 1950ರ ಶೆವರ್ಲೆಯ ಮಾದರಿ. ನಿಜವಾದ ಕಾರು ಐದು ಮೀಟರ್ ಉದ್ದ. ಇದು 21 ಸೆಂಟಿಮೀಟರ್, ಅಂದರೆ ಒಂದು ಗೇಣು. ಬಾಗಿಲು ತೆಗೆಯುತ್ತವೆ, ಬಾನೆಟ್ ಎತ್ತಿದರೆ ಇಂಜಿನ್ ಕಾಣುತ್ತದೆ. ಇಂಥವನ್ನು ಕೂಡಿಸುವುದು ನನ್ನ ಚಟ.

ಅದನ್ನು ಒಯ್ದು ಕಾಕಾನ ಕೈಯಲ್ಲಿ ಇಟ್ಟೆ. ಅವನು ಹರೇದಾಗ ಬಾಡಿಗೆ ಶೆವರ್ಲೆ ಹೊಡೆದವನು. ಚಸ್ಮಾ ಹಾಕಿಕೊಂಡು ಹೊರಳಿಸಿ ಹೊರಳಿಸಿ ನೋಡಿದ. ಉಗುರಿನಿಂದ ಬಾಗಿಲು ತೆಗೆದ.

“ತಮ್ಮಾ, ಮಾರಿ ಬರೋಬ್ಬರಿ ಐತಿ. ಆದ್ರ ಸ್ಟೇರಿಂಗ್ ಯಾಕ ಎಡಕ್ಕ ಐತಿ? ನಾ ಬಲಕ್ಕ ಕುಂತ ಹೊಡದೇನಿ. ನಂದಕ್ಕ ನಾಕ ಬಾಗಲಾ ಇದ್ವು, ಇದಕ್ಕ ಎರಡ ಅದಾವ. ಮ್ಯಾಲಿನ ಕ್ಯಾರಿಯರ್ ಎಲ್ಲಿ? ಮೆಣಸಿನಕಾಯಿ ಚೀಲ ಎಲ್ಲಿ ಕಟ್ಟೂದು?”

ನಾನು ಸುಮ್ಮನಾದೆ. ಕಾಕಾ ತಪ್ಪು ಹೇಳಿರಲಿಲ್ಲ, ಮಾದರಿಯೂ ತಪ್ಪಾಗಿರಲಿಲ್ಲ. ಅದು ಅಮೇರಿಕದ ರಸ್ತೆಯ ಕಾರು, ಕಾಕಾನದು ನಮ್ಮ ರಸ್ತೆಯದು.

ಜನರಲ್ ಮೋಟರ್ಸ್ ಕಂಪನಿ 1928ರಲ್ಲಿ ಮುಂಬಯಿಯ ಶಿವಡಿಯಲ್ಲಿ ಕಾರ್ಖಾನೆ ತೆರೆಯಿತು. ಬಿಡಿಭಾಗಗಳು ಹಡಗಿನಲ್ಲಿ ಪೆಟ್ಟಿಗೆಗಟ್ಟಲೆ ಬರುತ್ತಿದ್ದವು. ಇಲ್ಲಿ ಜೋಡಿಸಿ, ಬಲಗಡೆ ಸ್ಟೇರಿಂಗ್ ಇಟ್ಟು ಮಾರುತ್ತಿದ್ದರು. ನಮ್ಮ ಸೋಲಾಪುರದಲ್ಲಿ ಹುಟ್ಟಿದ ವಾಲಚಂದ ಹೀರಾಚಂದರು 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಟ್ಟಿದರು. ಅವರ ಕುರ್ಲಾ ಕಾರ್ಖಾನೆಯಿಂದ ಡಾಜ್, ಡಿಸೋಟೊ, ಪ್ಲಿಮತ್ ಬಂದವು. ಸ್ವಾತಂತ್ರ್ಯ ಬಂದ ಮೇಲೆ, ಬಿಡಿಭಾಗಗಳನ್ನು ಇಲ್ಲಿಯೇ ತಯಾರಿಸುವ ಯೋಜನೆ ಇದ್ದವರಷ್ಟೇ ಇರಬೇಕೆಂದು ಸರಕಾರ 1953ರಲ್ಲಿ ನಿಶ್ಚಯಿಸಿತು. 1954ರಲ್ಲಿ ಜನರಲ್ ಮೋಟರ್ಸ್ ಬಾಗಿಲು ಹಾಕಿತು. ಕಾರು ಉಳಿದವು, ಸಾಮಾನು ಸಿಗದಾಯಿತು.

ಆಗ ನಡೆಸಿದವರು ನಮ್ಮ ಮಿಸ್ತ್ರಿಗಳು. ಕೊಲ್ಹಾಪುರದ ಉದ್ಯಮನಗರ ಇಂಜಿನ್ ರಿಪೇರಿ, ಲೇಥು, ಎರಕದ ಕೆಲಸಕ್ಕೆ ಹೆಸರಾದದ್ದು. ಕಡೆಗೆ ಅವರ ಕೈಯಲ್ಲೂ ಆಗದಾಗ ಗಾಡಿ ಭಂಗಾರಕ್ಕೆ ಹೋಗುತ್ತಿತ್ತು. ಕಾಕಾನ ಶೆವರ್ಲೆಯನ್ನೂ ಮಾಲಕರು ತೂಕದ ಮೇಲೆ ಮಾರಿದರು. ಬೀಡುಕಬ್ಬಿಣದ ಆರು ಸಿಲಿಂಡರಿನ ಇಂಜಿನ್ ಯಾವ ಭಟ್ಟಿಯಲ್ಲಿ ಕರಗಿತೋ! ಶಿರೋಲಿಯಲ್ಲೋ ಗೋಕುಳ ಶಿರಗಾವಿಯಲ್ಲೋ ನೀರೆತ್ತುವ ಪಂಪಾಗಿರಬಹುದು. ಇಚಲಕರಂಜಿಯ ಯಾವುದೋ ಮಗ್ಗದ ಚಕ್ರವಾಗಿರಬಹುದು.

ಕಾರು ಕರಗಿದ್ದೂ ಎರಕದ ಭಟ್ಟಿಯಲ್ಲಿ, ಮಾದರಿ ಹುಟ್ಟಿದ್ದೂ ಎರಕದಿಂದಲೇ. ನಮ್ಮಲ್ಲಿ ಉಸುಕಿನ ಅಚ್ಚಿಗೆ ಕಬ್ಬಿಣ ಹೊಯ್ಯುತ್ತಾರೆ. ಒಂದು ಎರಕಕ್ಕೆ ಒಂದು ಅಚ್ಚು, ಆಮೇಲೆ ಅದನ್ನು ಒಡೆಯಬೇಕು. ಮಾದರಿಗೆ ಉಕ್ಕಿನ ಅಚ್ಚು. ಅದರೊಳಗೆ ಕರಗಿದ ಸತುವಿನ ಮಿಶ್ರಲೋಹವನ್ನು ಒತ್ತಡದಿಂದ ನುಗ್ಗಿಸುತ್ತಾರೆ. ಸತು ಸುಮಾರು 420 ಡಿಗ್ರಿಗೇ ಕರಗುವುದರಿಂದ ಅಚ್ಚು ಬೇಗ ಕೆಡುವುದಿಲ್ಲ. ಒಂದೇ ಅಚ್ಚಿನಿಂದ ಸಾವಿರಾರು ಕಾರು. ಇಂಗ್ಲಂಡಿನ ಲಿವರ್‌ಪೂಲಿನಲ್ಲಿ ಡಿಂಕಿ ಟಾಯ್ಸ್ ಎಂಬ ಹೆಸರು 1934ರಿಂದ ಬಂತು. ಅಮೇರಿಕದ ಹಾಟ್ ವೀಲ್ಸ್ 1968ರಲ್ಲಿ ಶುರುವಾಯಿತು. ಅದೇ ಸುಮಾರಿಗೆ ಡಿಂಕಿಯ ಹಳೆಯ ಅಚ್ಚುಗಳು ಕಲಕತ್ತೆಗೆ ಬಂದು ನಿಕ್ಕಿ ಟಾಯ್ಸ್ ಆದವು.

ಲೋಹದ್ದು ಅಂತ ಇವೂ ಚಿರಂಜೀವಿ ಅಲ್ಲ. ಸತುವಿನಲ್ಲಿ ಸೀಸದ ಅಂಶ ಸ್ವಲ್ಪ ಬೆರೆತರೂ ವರ್ಷಗಳ ಮೇಲೆ ಬಿರುಕು ಬಿಟ್ಟು ಹಿಟ್ಟಾಗುತ್ತದೆ. ಯುದ್ಧಕ್ಕಿಂತ ಹಿಂದಿನ ಎಷ್ಟೋ ಡಿಂಕಿಗಳು ಹಾಗೆಯೇ ಹಾಳಾದವು. ನಮ್ಮ ಕಡೆಯ ಮಳೆಗಾಲದ ಥಂಡಿ ಅದಕ್ಕೆ ಮತ್ತಷ್ಟು ಕೇಡು.

ಆದ್ದರಿಂದ ಇಂಥವನ್ನು ಕೂಡಿಸುವ ಹುಡುಗರಿಗೆ ನನ್ನ ಮಾತು ಇಷ್ಟೇ. ಕಪಾಟನ್ನು ಒಣಗಿನ ಜಾಗದಲ್ಲಿ ಇಡ್ರಿ. ಪ್ರತಿ ಕಾರಿನ ಕೆಳಗೆ ಒಂದು ಚೀಟಿಯನ್ನೂ ಇಡ್ರಿ: ಇಂಥ ಕಾರು ನಮ್ಮಲ್ಲಿ ಯಾವ ರಸ್ತೆಗೆ ಓಡುತ್ತಿತ್ತು, ಯಾರು ಹೊಡೆಯುತ್ತಿದ್ದರು, ಎಷ್ಟು ಮಂದಿ ಕೂಡುತ್ತಿದ್ದರು. ಹೊಡೆದವರು ಇನ್ನೂ ಒಬ್ಬರೋ ಇಬ್ಬರೋ ಇದ್ದಾರೆ. ಈಗಲೇ ಹೋಗಿ ಕೇಳಬೇಕು. ಚೀಟಿ ಇಲ್ಲದಿದ್ದರೆ ಕಪಾಟಿನಲ್ಲಿ ಇರುವುದು ಅಮೇರಿಕದ ಇತಿಹಾಸ ಮಾತ್ರ.

ನನ್ನ ಶೆವರ್ಲೆಯ ಕೆಳಗೆ ಕಾಕಾ ಹೇಳಿದ್ದನ್ನು ಬರೆದಿಟ್ಟಿದ್ದೇನೆ: “ಸ್ಟೇರಿಂಗ್ ಬಲಕ್ಕ. ಬಾಗಲಾ ನಾಕು. ಮ್ಯಾಲೆ ಕ್ಯಾರಿಯರ್.”