ಗುರುತುಗಳ ಸಾಕ್ಷ್ಯ: ದುರ್ಗದ ಸೀಮೆಯ ಹಳೆಯ ಪಿಸ್ತೂಲುಗಳ ಕಾಲನಿರ್ಣಯ

ಚಿತ್ರದುರ್ಗದ ಸೀಮೆಯಲ್ಲಿ ಹಳೆಯ ಪಿಸ್ತೂಲೊಂದು ಸಿಕ್ಕರೆ ಅದನ್ನು ಮದಕರಿನಾಯಕನಿಗೋ ಟಿಪ್ಪುವಿಗೋ ಸೇರಿಸಿಬಿಡುವ ಆಸೆ ಸಹಜ. ಆದರೆ ಸೈನ್ಯದ ಆಯುಧ ಬಹುಪಾಲು ತನ್ನ ಜಾತಕವನ್ನು ಮೈಮೇಲೇ ಹೊತ್ತಿರುತ್ತದೆ. ಆ ಗುರುತುಗಳು ಏನನ್ನು ಸಾಬೀತು ಮಾಡುತ್ತವೆ, ಏನನ್ನು ಮಾಡುವುದಿಲ್ಲ ಎಂಬುದು ಈ ಲೇಖನದ ವಿಷಯ.

ರಾಜಕೀಯ ಹಿನ್ನೆಲೆ

ಮದಕರಿನಾಯಕ ಆಳುತ್ತಿದ್ದ ಚಿತ್ರದುರ್ಗದ ಏಳುಸುತ್ತಿನ ಕೋಟೆ 1779ರಲ್ಲಿ ಟಿಪ್ಪುವಿನ ತಂದೆ ಹೈದರಾಲಿಯ ವಶವಾಯಿತು. ಟಿಪ್ಪುವಿನ ನಾಣ್ಯಗಳಲ್ಲಿ ಚಿತ್ರದುರ್ಗದ ಟಂಕಸಾಲೆಗೆ ‘ಫರ್ರುಖ್‌ಯಾಬ್ ಹಿಸಾರ್’ ಎಂಬ ಹೆಸರಿದೆ. 1799ರಲ್ಲಿ ಟಿಪ್ಪು ಸತ್ತ ನಂತರ ಇಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪಡೆ ಬೀಡುಬಿಟ್ಟಿತು. 1809ರಲ್ಲಿ ಮದ್ರಾಸ್ ಸೈನ್ಯದ ಯುರೋಪಿಯನ್ ಅಧಿಕಾರಿಗಳು ದಂಗೆಯೆದ್ದಾಗ ದುರ್ಗದ ಎರಡು ಪಟಾಲಮುಗಳು ಶ್ರೀರಂಗಪಟ್ಟಣದತ್ತ ಹೊರಟಿದ್ದವು. ನೆರೆಯ ಹೊಳಲ್ಕೆರೆಯಾದರೋ 1803ರ ಒಪ್ಪಂದದಿಂದ ಮೈಸೂರಿಗೆ ಸೇರಿತು. ನಾಯಕರು, ನವಾಬರು, ಕಂಪನಿ, ಮೈಸೂರು ಅರಸರು: ಇಷ್ಟು ಕೈಗಳಲ್ಲಿ ಯಾವುದರಿಂದಲಾದರೂ ಪಿಸ್ತೂಲು ಬಂದಿರಬಹುದು.

ಟಿಪ್ಪುವಿನ ಕಾರ್ಖಾನೆಯ ಗುರುತು

ಟಿಪ್ಪುವಿನ ಕಾರ್ಖಾನೆಯ ಉತ್ತಮ ಪಿಸ್ತೂಲುಗಳಲ್ಲಿ ‘ಬಬ್ರಿ’ ಎಂಬ ಹುಲಿಪಟ್ಟೆಯ ವಿನ್ಯಾಸ, ‘ಹೈದರ್’ ಮುದ್ರೆ, ನಳಿಗೆಯ ಮೇಲೆ ಪಾರಸಿ ಬರಹ ಕಾಣುತ್ತವೆ. ಹಲವು ಆಯುಧಗಳ ಮೇಲೆ ತಯಾರಾದ ಊರು ‘ಪಟನ್’, ಅಂದರೆ ಶ್ರೀರಂಗಪಟ್ಟಣ. ಓದುಗರು ಎಡವುವುದು ಇಸವಿಯಲ್ಲಿ. ಟಿಪ್ಪುವಿನ ಮೌಲೂದಿ ಶಕೆಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಎಡದಿಂದ 4221 ಎಂದು ಕಾಣುವುದು ನಿಜಕ್ಕೂ 1224. ಅದಕ್ಕೆ 572 ಕೂಡಿಸಬೇಕು, ಆಗ ಕ್ರಿ.ಶ. 1796-97 ಸಿಗುತ್ತದೆ. ಇದನ್ನು ಹಿಜರಿ ಎಂದು ಭಾವಿಸಿದರೆ 1809ಕ್ಕೆ ಹೋಗುತ್ತದೆ, ಆ ಹೊತ್ತಿಗೆ ಟಿಪ್ಪು ಸತ್ತು ಹತ್ತು ವರ್ಷ.

ಕಂಪನಿಯ ಮುದ್ರೆ

ಈಸ್ಟ್ ಇಂಡಿಯಾ ಕಂಪನಿಯ ಹಳೆಯ ಗುರುತು ನಾಲ್ಕು ಭಾಗವಾದ ಹೃದಯಾಕೃತಿ, ಅದರೊಳಗೆ ಅಕ್ಷರಗಳು, ನೆತ್ತಿಯ ಮೇಲೆ ನಾಲ್ಕರ ಅಂಕಿಯಂಥ ರೇಖೆ. ಸುಮಾರು 1808ರಿಂದ ಇದರ ಜಾಗಕ್ಕೆ ಕಿರೀಟ ಹಿಡಿದು ನಿಂತ ಸಿಂಹ ಬಂತು. ಬ್ರಿಟಿಷ್ ಸರ್ಕಾರದ ಪಿಸ್ತೂಲಿನ ಪಕ್ಕದ ಫಲಕದಲ್ಲಾದರೆ ಕಿರೀಟ, ರಾಜನ ಹೆಸರಿನ ಮೊದಲಕ್ಷರಗಳು, ‘ಟವರ್’ ಎಂಬ ಬರಹ ಇರುತ್ತವೆ. ನಳಿಗೆಯ ಬುಡದಲ್ಲಿ ಕಿರೀಟದಡಿಯ ‘ವಿ’ ಮತ್ತು ‘ಜಿಪಿ’ ಇದ್ದರೆ ಲಂಡನ್ನಿನ ಬಂದೂಕು ತಯಾರಕರ ಸಂಘ ಅದನ್ನು ನೋಡಿ, ಹೆಚ್ಚು ಮದ್ದು ತುಂಬಿ ಹಾರಿಸಿ, ಪರೀಕ್ಷಿಸಿದೆ ಎಂದರ್ಥ.

ಹಾಗಾಗಿ ಸಿಂಹದ ಮುದ್ರೆಯ ಪಿಸ್ತೂಲನ್ನು ಮದಕರಿನಾಯಕನದೆನ್ನಲು ಸಾಧ್ಯವಿಲ್ಲ; ಅವನ ದುರ್ಗ ಬಿದ್ದು ಸುಮಾರು ಮೂರು ದಶಕವಾದ ಮೇಲೆ ಹುಟ್ಟಿದ ಮುದ್ರೆ ಅದು. ಆದರೆ ಎದುರು ದಿಕ್ಕಿನ ವಾದ ನಿಲ್ಲದು: ಹೃದಯಾಕೃತಿ ಇದೆ ಎಂದ ಮಾತ್ರಕ್ಕೆ 1808ಕ್ಕೆ ಮುಂಚೆಯೇ ಇಲ್ಲಿಗೆ ಬಂತು ಎನ್ನಲಾಗದು, ಏಕೆಂದರೆ ಹಳೆಯ ಆಯುಧಗಳು ದಶಕಗಟ್ಟಲೆ ಬಳಕೆಯಲ್ಲಿದ್ದವು.

ಒಂದರ ಮೇಲೊಂದು ಪದರ

1840ರ ದಶಕದಲ್ಲಿ ಸೈನ್ಯಗಳು ಚಕಮಕಿ ಕಲ್ಲಿನ ಪಿಸ್ತೂಲಿನಿಂದ ಸಿಡಿಯುವ ಕೇಪಿನ ಪಿಸ್ತೂಲಿಗೆ ಬದಲಾದವು. ಹಳೆಯವುಗಳನ್ನೂ ಮಾರ್ಪಡಿಸುತ್ತಿದ್ದರು. ಫಲಕವನ್ನು ಓರೆಯಾಗಿ ಬೆಳಕಿಗೆ ಹಿಡಿದರೆ ಮದ್ದಿನ ಬಟ್ಟಲು ಕಿತ್ತ ಜಾಗದಲ್ಲಿ ತುಂಬಿ ಮಟ್ಟಮಾಡಿದ ತಿರುಪಿನ ತೂತುಗಳು ಬಣ್ಣದ ವ್ಯತ್ಯಾಸದಿಂದ ಕಾಣುತ್ತವೆ. ಇಂಥ ಪಿಸ್ತೂಲಿಗೆ ಎರಡು ಕಾಲ: ತಯಾರಾದದ್ದು ಒಂದು, ಬದಲಾದದ್ದು ಇನ್ನೊಂದು. ಫಲಕ, ನಳಿಗೆ, ಹಿಡಿ ಬೇರೆ ಬೇರೆ ಪಿಸ್ತೂಲಿನವೂ ಆಗಿರಬಹುದು. ಹೀಗಾಗಿ ಪ್ರತಿ ಭಾಗದ ಗುರುತನ್ನೂ ಬೇರೆಯಾಗಿಯೇ ಓದಬೇಕು. ಇಂಗ್ಲಿಷ್ ಅಕ್ಷರಗಳನ್ನು ನಕಲು ಮಾಡಿದ ದೇಶಿ ಪ್ರತಿಗಳಲ್ಲಿ ಕಾಗುಣಿತ ತಪ್ಪಿ ಗುಟ್ಟು ರಟ್ಟಾಗುತ್ತದೆ.

ಸಮಾರೋಪ

ತಯಾರಕ, ಪರೀಕ್ಷೆ, ಮಾಲೀಕ ಸಂಸ್ಥೆ ಇಷ್ಟನ್ನು ಗುರುತು ಹೇಳುತ್ತದೆ. ಯಾರ ಸೊಂಟದಲ್ಲಿತ್ತು, ಯಾವ ಕಾಳಗ ಕಂಡಿತು ಎಂಬುದನ್ನಲ್ಲ. ಅದಕ್ಕೆ ದಫ್ತರವೋ ದಾನಪತ್ರವೋ ಬೇಕು. ತುಕ್ಕು ತೆಗೆಯಲು ಉಪ್ಪುಕಾಗದ ಹಿಡಿದರೆ ಮೊದಲು ಅಳಿಯುವುದು ಈ ಮುದ್ರೆಗಳೇ. ಆದ್ದರಿಂದ ಸ್ವಚ್ಛಮಾಡುವುದಕ್ಕೆ ಮುಂಚೆ ಚಿತ್ರ ತೆಗೆದು, ಅಳತೆ ಬರೆದಿಟ್ಟು, ಪುರಾತತ್ವ ಇಲಾಖೆಗೆ ತೋರಿಸುವುದೇ ಸರಿಯಾದ ಕ್ರಮ.